ಪೆಟ್ರೋಲಿಗೆ ಬೆರೆಸಿದ ಕೈಗಳು

ಪೆಟ್ರೋಲ್ ಟ್ಯಾಂಕಿಗೆ ಬೇರೆ ಏನನ್ನಾದರೂ ಬೆರೆಸಿದರೆ ಗಾಡಿಗೆ ಪಿಕಪ್ ಬರುತ್ತದೆ ಎಂಬ ನಂಬಿಕೆ ಹೆಚ್ಚೂಕಡಿಮೆ ಕಾರಿನಷ್ಟೇ ಹಳೆಯದು. ನುಸಿಗುಳಿಗೆ, ಸ್ಪಿರಿಟ್, ಅಸಿಟೋನ್, ಪೇಂಟ್ ಅಂಗಡಿಯ ಥಿನ್ನರ್, ಹರಳೆಣ್ಣೆ ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ವಸ್ತುವಿಗೆ ಆ ಕೀರ್ತಿ ಸಂದಿದೆ. ಇದನ್ನು ತಿಳಿಯದವರ ಮೂಢನಂಬಿಕೆ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಇತಿಹಾಸವನ್ನು ನೋಡಿದರೆ ಹಾಗೆ ತಳ್ಳಿಹಾಕುವಂತಿಲ್ಲ. ಒಂದು ಕಾಲದಲ್ಲಿ ಈ ನಂಬಿಕೆ ನಿಜವಾಗಿತ್ತು. ಸರಿಯಾದ ವಸ್ತುವನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿದವನ ಗಾಡಿ ಬೆರೆಸದವನ ಗಾಡಿಗಿಂತ ಚೆನ್ನಾಗಿಯೇ ಗುಡ್ಡ ಹತ್ತುತ್ತಿತ್ತು. ಮುಂದೆ ಆ ಕೆಲಸ ಚಾಲಕನ ಕೈಯಿಂದ ಬಂಕಿನವನ ಕೈಗೆ, ಅಲ್ಲಿಂದ ತೈಲ ಸಂಸ್ಕರಣಾಗಾರಕ್ಕೆ ದಾಟಿಹೋಯಿತು. ಮನೆಯಲ್ಲಿ ಬೆರೆಸುವವನಿಗೆ ಮಾಡಲು ಏನೂ ಉಳಿಯಲಿಲ್ಲ, ಆದರೂ ನಂಬಿಕೆ ಉಳಿಯಿತು. ಈ ದೀರ್ಘ ಪಯಣದುದ್ದಕ್ಕೂ ಎದ್ದು ಕಾಣುವ ಇನ್ನೊಂದು ಸಂಗತಿ, ಬೆರಕೆಯ ಲಾಭ ಪಡೆದವರು ಒಬ್ಬರು, ಅದರ ಬೆಲೆ ತೆತ್ತವರು ಇನ್ನೊಬ್ಬರು ಎಂಬುದು. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡದಿದ್ದರೆ ಇವತ್ತು ಅಂಗಡಿಗಳಲ್ಲಿ ಸಿಗುವ ಬೆರಕೆ ಬಾಟಲಿಗಳ ಬಗ್ಗೆ ಸರಿಯಾದ ತೀರ್ಮಾನಕ್ಕೆ ಬರಲಾಗದು.

ಆರಂಭದ ದಿನಗಳಲ್ಲಿ ಪೆಟ್ರೋಲಿಗೆ ಇಂಜಿನ್ನಿನ ನಂಟೇ ಇರಲಿಲ್ಲ. ಕಲ್ಲೆಣ್ಣೆಯನ್ನು ಬಟ್ಟಿ ಇಳಿಸುತ್ತಿದ್ದುದು ದೀಪದ ಸೀಮೆಎಣ್ಣೆಗಾಗಿ. ಅದಕ್ಕಿಂತ ಹಗುರವಾಗಿ ಆವಿಯಾಗಿ ಬರುವ ದ್ರವ ಬೇಡದ ಸರಕು. ಕಲೆ ತೆಗೆಯಲೆಂದು ಔಷಧದ ಅಂಗಡಿಗಳಲ್ಲಿ ಬಾಟಲಿಗಳಲ್ಲಿ ಮಾರುತ್ತಿದ್ದರು. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಗಂಡನ ಕಾರನ್ನು ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಓಡಿಸಿಕೊಂಡು ಹೋದಾಗ ಇಂಧನ ಕೊಂಡದ್ದು ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ. ಇಂಜಿನ್ ಮಾಡುವವನಿಗೆ ಎಂಥ ಪೆಟ್ರೋಲ್ ಸಿಗುತ್ತದೆಂದು ಗೊತ್ತಿರಲಿಲ್ಲ, ಪೆಟ್ರೋಲ್ ಮಾರುವವನಿಗೆ ಅದು ಎಂಥ ಇಂಜಿನ್ನಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಕಾರುಗಳ ಸಂಖ್ಯೆ ಏರಿ, ಮೊದಲ ಮಹಾಯುದ್ಧವೂ ಬಂದಾಗ ಬೇಡಿಕೆಯನ್ನು ಪೂರೈಸಲು ಕಂಪನಿಗಳು ಭಾರವಾದ ಅಂಶಗಳನ್ನೂ ಪೆಟ್ರೋಲಿಗೆ ಸೇರಿಸತೊಡಗಿದವು. ಗುಣಮಟ್ಟ ಕುಸಿಯಿತು. ಗುಡ್ಡ ಹತ್ತುವಾಗ, ಭಾರ ಎಳೆಯುವಾಗ ಇಂಜಿನ್ನಿನೊಳಗೆ ಸುತ್ತಿಗೆಯಿಂದ ಬಡಿದಂಥ ಸದ್ದು ಎಲ್ಲೆಲ್ಲೂ ಕೇಳತೊಡಗಿತು. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ನಾಕಿಂಗ್ ಎನ್ನುವುದು ಇದನ್ನೇ.

ಈ ನಾಕಿಂಗ್ ಏನೆಂಬುದನ್ನು ತಿಳಿಯದೆ ಮುಂದಿನ ಕತೆ ಅರ್ಥವಾಗುವುದಿಲ್ಲ. ಸಿಲಿಂಡರಿನೊಳಗೆ ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಅದುಮುತ್ತದೆ. ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ದಕ್ಕುತ್ತದೆ. ಆದರೆ ಅದುಮಿದಂತೆಲ್ಲ ಮಿಶ್ರಣ ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ ಸಿಲಿಂಡರಿನ ಆಚೆ ಬದಿ ಮುಟ್ಟುವ ಮೊದಲೇ ಅಲ್ಲಿ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಒಮ್ಮೆಲೇ ಹತ್ತಿಕೊಂಡರೆ ಅದೇ ಬಡಿತ. ಅತಿಯಾದರೆ ಪಿಸ್ಟನ್ನೇ ತೂತಾಗಬಹುದು. ಇದಕ್ಕೆ ಹೆದರಿ ಅಂದಿನ ಇಂಜಿನ್ನುಗಳನ್ನು ಬಹಳ ಕಡಿಮೆ ಕಂಪ್ರೆಷನ್ನಿಗೆ ಕಟ್ಟುತ್ತಿದ್ದರು. ಫೋರ್ಡ್ ಮಾಡೆಲ್ ಟಿ ಕಾರಿನ ಅನುಪಾತ 4ರ ಆಸುಪಾಸಿನಲ್ಲಿತ್ತು. ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಎಂದು ನಾವು ಇಂದು ಓದುವುದು ಈ ಅದುಮುವಿಕೆಯನ್ನು ತಡೆದುಕೊಳ್ಳುವ ತಾಳ್ಮೆಯ ಅಳತೆ. ಅದರಲ್ಲಿ ಎಷ್ಟು ಶಕ್ತಿ ತುಂಬಿದೆ ಎಂಬುದಕ್ಕೂ ಆ ಸಂಖ್ಯೆಗೂ ನೇರ ಸಂಬಂಧವಿಲ್ಲ. ಎಥನಾಲ್ ಇದಕ್ಕೆ ಒಳ್ಳೆಯ ಸಾಕ್ಷಿ: ಅದರ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು, ಆದರೆ ಲೀಟರೊಂದರಲ್ಲಿ ಅಡಗಿದ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟು ಮಾತ್ರ. ಬೆರಕೆಯ ಬಗೆಗಿನ ತಪ್ಪು ತಿಳಿವಳಿಕೆಗಳಲ್ಲಿ ಬಹುಪಾಲು ಹುಟ್ಟುವುದು ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದ.

ಬ್ರಿಟನ್ನಿನ ಇಂಜಿನಿಯರ್ ಹ್ಯಾರಿ ರಿಕಾರ್ಡೊ ಯುದ್ಧ ಮುಗಿದ ಕಾಲಕ್ಕೆ ಕಂಪ್ರೆಷನ್ನನ್ನು ಬೇಕಾದಂತೆ ಏರಿಳಿಸಬಹುದಾದ ಒಂದು ಇಂಜಿನ್ ಕಟ್ಟಿ, ನಾನಾ ಇಂಧನಗಳನ್ನು ಅದರಲ್ಲಿ ಉರಿಸಿ ನೋಡಿದ. ಟಾಲ್ವೀನ್, ಬೆಂಜೀನ್, ಆಲ್ಕೋಹಾಲ್ ಇವೆಲ್ಲ ಸಾಮಾನ್ಯ ಪೆಟ್ರೋಲಿಗಿಂತ ಎಷ್ಟೋ ಹೆಚ್ಚು ಅದುಮುವಿಕೆಯನ್ನು ತಾಳುತ್ತವೆ ಎಂಬುದು ಅವನಿಗೆ ಖಚಿತವಾಯಿತು. ಅಷ್ಟರಲ್ಲಿ ಬ್ರಿಟಿಷ್ ವಾಹನ ಮಾಲೀಕರೂ ತಮ್ಮದೇ ದಾರಿಯಲ್ಲಿ ಇದೇ ತೀರ್ಮಾನದತ್ತ ಬಂದಿದ್ದರು. ಕಲ್ಲಿದ್ದಲನ್ನು ಕೋಕ್ ಮಾಡುವ ಕುಲುಮೆಗಳಿಂದ ದೊರೆಯುತ್ತಿದ್ದ ಬೆಂಜೋಲ್ ಎಂಬ ದ್ರವ ಯುದ್ಧದಲ್ಲಿ ಸ್ಫೋಟಕಗಳಿಗೆ ಬಳಕೆಯಾಗಿ, ಯುದ್ಧ ಮುಗಿದ ಮೇಲೆ ಮಾರುಕಟ್ಟೆಗೆ ಬಂತು. ಅದನ್ನು ಪೆಟ್ರೋಲಿಗೆ ಬೆರೆಸಿದರೆ ಬಡಿತ ನಿಲ್ಲುತ್ತಿತ್ತು, ಗಾಡಿ ಹಗುರವಾಗಿ ಗುಡ್ಡ ಹತ್ತುತ್ತಿತ್ತು. ನ್ಯಾಷನಲ್ ಬೆಂಜೋಲ್ ಎಂಬ ಕಂಪನಿ ಅರ್ಧಕ್ಕರ್ಧ ಬೆರೆಸಿದ ಇಂಧನವನ್ನೇ ಮಾರತೊಡಗಿತು. ನಮ್ಮ ಕಾಲದ ನಂಬಿಕೆಯ ಬೇರು ಇರುವುದು ಇಲ್ಲಿಯೇ. ಆಗ ಪೆಟ್ರೋಲ್ ಕಳಪೆ, ಇಂಜಿನ್ನಿನ ಸ್ಪಾರ್ಕ್ ಸಮಯವನ್ನು ಚಾಲಕನೇ ಸ್ಟೀರಿಂಗ್ ಬಳಿಯ ಸನ್ನೆಯಿಂದ ಮುಂದೆಹಿಂದೆ ಮಾಡಬೇಕಿತ್ತು. ಬಡಿತ ನಿಂತಿತೆಂದರೆ ಸ್ಪಾರ್ಕನ್ನು ಸ್ವಲ್ಪ ಮುಂದಕ್ಕೆ ಹಾಕಬಹುದು, ಹಾಕಿದರೆ ಬಲ ಹೆಚ್ಚುತ್ತದೆ. ಬೆರೆಸಿದ ವಸ್ತು ದಾರಿ ಬಿಟ್ಟುಕೊಟ್ಟಿತು. ಆ ದಾರಿಯಲ್ಲಿ ನಡೆದದ್ದು ಇಂಜಿನ್ ಮತ್ತು ಚಾಲಕನ ಕೈ.

ಅಮೆರಿಕದಲ್ಲಿ ಇದೇ ಸಮಸ್ಯೆಯನ್ನು ಹಿಡಿದುಕೊಂಡವನು ಥಾಮಸ್ ಮಿಜ್ಲಿ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಕೆಲಸ ಮಾಡಿದ್ದು ರಸಾಯನಶಾಸ್ತ್ರದಲ್ಲಿ. ಅವನ ಮೇಲಧಿಕಾರಿ ಚಾರ್ಲ್ಸ್ ಕೆಟರಿಂಗ್, ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟ ಮನುಷ್ಯ. ಕೆಂಪು ಬಣ್ಣದ ಇಂಧನ ಬಿಸಿಯನ್ನು ಬೇಗ ಹೀರಿಕೊಂಡೀತು ಎಂಬ ಊಹೆಯಿಂದ ಮಿಜ್ಲಿ ಅಯೋಡಿನ್ ಬೆರೆಸಿ ನೋಡಿದ, ಬಡಿತ ನಿಂತಿತು. ಆಮೇಲೆ ಬೇರೆ ಕೆಂಪು ಬಣ್ಣಗಳನ್ನು ಬೆರೆಸಿದಾಗ ಏನೂ ಆಗಲಿಲ್ಲ. ಊಹೆ ಸುಳ್ಳು, ಫಲ ನಿಜ. ಅಲ್ಲಿಂದ ಮುಂದೆ ಅನಿಲೀನ್, ಸೆಲೀನಿಯಂ, ಟೆಲ್ಯೂರಿಯಂ ಸಂಯುಕ್ತಗಳನ್ನು ಒಂದಾದಮೇಲೊಂದರಂತೆ ಪರೀಕ್ಷಿಸುತ್ತ, ಟೆಲ್ಯೂರಿಯಂನ ಹೋಗದ ದುರ್ವಾಸನೆಯನ್ನು ಸಹಿಸುತ್ತ, 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತಕ್ಕೆ ಬಂದ. ಗ್ಯಾಲನ್ನಿಗೆ ಕೆಲವೇ ಮಿಲಿಲೀಟರ್ ಸಾಕಿತ್ತು. ಆಲ್ಕೋಹಾಲಿನಿಂದಲೂ ಬಡಿತ ನಿಲ್ಲುತ್ತದೆಂದು ಮಿಜ್ಲಿಗೂ ಕೆಟರಿಂಗನಿಗೂ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಟ್ಯಾಂಕಿನ ದೊಡ್ಡ ಪಾಲಿನಷ್ಟು ಬೆರೆಸಬೇಕು, ಅದನ್ನು ಯಾವ ರೈತನಾದರೂ ಬಟ್ಟಿ ಇಳಿಸಬಹುದು, ಅದರ ಮೇಲೆ ಪೇಟೆಂಟ್ ಸಿಗದು. ಸೀಸದ ಬೆರಕೆಗೆ ಪೇಟೆಂಟ್ ಸಿಕ್ಕಿತು. ಸೀಸ ವಿಷವೆಂಬುದು ಆಗಲೇ ಎಲ್ಲರಿಗೂ ತಿಳಿದಿದ್ದ ಸಂಗತಿ. ಹೀಗಾಗಿ ಈ ಆಯ್ಕೆಯನ್ನು ತಿಳಿಯದೆ ಆದ ಪ್ರಮಾದ ಎಂದು ಕರೆಯುವುದನ್ನು ನಾನು ಒಪ್ಪಲಾರೆ.

1923ರ ಫೆಬ್ರವರಿ 2ರಂದು ಒಹಾಯೊ ರಾಜ್ಯದ ಡೇಟನ್ ಊರಿನ ಬಂಕೊಂದರಲ್ಲಿ ಸೀಸದ ಪೆಟ್ರೋಲಿನ ಮಾರಾಟ ಶುರುವಾಯಿತು. ಆರಂಭದಲ್ಲಿ ಬೆರಕೆ ನಡೆಯುತ್ತಿದ್ದದ್ದು ಬಂಕಿನಲ್ಲೇ, ಗಿರಾಕಿಯ ಕಣ್ಣೆದುರಿಗೇ. ಪಂಪಿಗೆ ಜೋಡಿಸಿದ ಒಂದು ಸಾಧನದಿಂದ ಗಾಢವಾದ ದ್ರವವನ್ನು ಅಳತೆಯಲ್ಲಿ ಪೆಟ್ರೋಲಿಗೆ ಇಳಿಸುತ್ತಿದ್ದರು. ಅಂದರೆ ಚಾಲಕ ಮಾಡುತ್ತಿದ್ದ ಕೆಲಸ ಒಂದು ಹೆಜ್ಜೆ ಹಿಂದೆ ಸರಿದು ಬಂಕಿನವನ ಕೈಗೆ ಬಂದಿತ್ತು. ಅದೇ ವರ್ಷದ ಇಂಡಿಯಾನಾಪೊಲಿಸ್ ಓಟದಲ್ಲಿ ಮೊದಲ ಮೂರು ಸ್ಥಾನಗಳೂ ಈ ಇಂಧನ ಬಳಸಿದ ಕಾರುಗಳಿಗೇ ಬಂದವು. ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ಮಾರಾಟಕ್ಕೆ ಇಟ್ಟ ಹೆಸರು ಈಥೈಲ್. ಸೀಸ ಎಂಬ ಮಾತು ಆ ಹೆಸರಿನಲ್ಲಿ ಎಲ್ಲಿಯೂ ಇರಲಿಲ್ಲ.

ಮರುವರ್ಷ, 1924ರ ಅಕ್ಟೋಬರಿನಲ್ಲಿ, ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಈ ದ್ರವ ತಯಾರಿಸುತ್ತಿದ್ದ ಕಾರ್ಮಿಕರಿಗೆ ಬುದ್ಧಿಭ್ರಮಣೆಯಾಗತೊಡಗಿತು. ಐವರು ಸತ್ತರು, ಹತ್ತಾರು ಜನ ಆಸ್ಪತ್ರೆ ಸೇರಿದರು. ಡೇಟನ್ ಮತ್ತು ಡೀಪ್‌ವಾಟರ್ ಎಂಬಲ್ಲಿನ ಘಟಕಗಳಲ್ಲೂ ಸಾವುಗಳಾದವು. ಅದೇ ತಿಂಗಳ 30ರಂದು ಮಿಜ್ಲಿ ಪತ್ರಕರ್ತರೆದುರು ಆ ದ್ರವದಲ್ಲಿ ಕೈತೊಳೆದು, ಅದರ ಆವಿಯನ್ನು ಮೂಸಿ ತೋರಿಸಿದ. ಅದಕ್ಕೆ ಮೊದಲೇ, 1923ರಲ್ಲಿ, ಸೀಸದ ವಿಷದಿಂದ ತಾನೇ ಕಾಯಿಲೆ ಬಿದ್ದು ಸುಧಾರಿಸಿಕೊಳ್ಳಲು ರಜೆ ಹೋಗಿ ಬಂದಿದ್ದ. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸರ್ಕಾರ ಕರೆದ ಸಭೆಯಲ್ಲಿ ಹಾರ್ವರ್ಡಿನ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಯೇಲ್‌ನ ಯಾಂಡೆಲ್ ಹೆಂಡರ್ಸನ್ ಇದನ್ನು ಗಟ್ಟಿಯಾಗಿ ವಿರೋಧಿಸಿದರು. ಕಾರ್ಖಾನೆಯ ಕೆಲಸಗಾರರನ್ನು ಕಾಪಾಡಬಹುದು, ಊರಿನ ಬೀದಿಯಲ್ಲಿ ಉಸಿರಾಡುವವರನ್ನು ಕಾಪಾಡುವುದು ಹೇಗೆ ಎಂಬುದು ಅವರ ಪ್ರಶ್ನೆಯ ತಿರುಳು. ಕೆಲಕಾಲ ಮಾರಾಟ ನಿಂತಿತು. 1926ರಲ್ಲಿ ತಜ್ಞರ ಸಮಿತಿ ನಿಷೇಧಕ್ಕೆ ಸಾಕಷ್ಟು ಕಾರಣವಿಲ್ಲವೆಂದಿತು, ಮಾರಾಟ ಮತ್ತೆ ಶುರುವಾಯಿತು. ಬದಲಾದದ್ದು ಇಷ್ಟೇ: ಗಾಢ ದ್ರವವನ್ನು ಬಂಕಿನಲ್ಲಿ ಬೆರೆಸುವುದು ಅಪಾಯವೆಂದು ಆ ಕೆಲಸ ಸಂಸ್ಕರಣಾಗಾರದೊಳಗೆ ಹೋಯಿತು. ಬೆರೆಸುವ ಕೈ ಎರಡನೆಯ ಸಲ ಹಿಂದೆ ಸರಿಯಿತು, ಈ ಸಲ ಯಾರ ಕಣ್ಣಿಗೂ ಬೀಳದಷ್ಟು ದೂರಕ್ಕೆ.

ಅದೇ ಹೊತ್ತಿಗೆ ಈಥೈಲ್ ಕಂಪನಿಯ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ಒಂದು ಅಳತೆಗೋಲು ಕೊಟ್ಟ. ಐಸೋಆಕ್ಟೇನ್ ಎಂಬ ದ್ರವಕ್ಕೆ 100, ಬಹು ಬೇಗ ಬಡಿಯುವ ಹೆಪ್ಟೇನಿಗೆ 0. ಬೇರೆಲ್ಲ ಇಂಧನಗಳು ಈ ಎರಡರ ಯಾವ ಮಿಶ್ರಣಕ್ಕೆ ಸಮವೋ ಅದೇ ಅವುಗಳ ಸಂಖ್ಯೆ. ಸಣ್ಣ ಸಂಗತಿಯಂತೆ ಕಂಡರೂ ಮನೆಬೆರಕೆಯ ಕಾಲ ನಿಜವಾಗಿ ಮುಗಿದದ್ದು ಇಲ್ಲಿ ಎಂದು ನನಗನಿಸುತ್ತದೆ. ಅಳತೆ ಬಂದ ಮೇಲೆ ಇಂಜಿನ್ ಮಾಡುವವರು ಇಷ್ಟು ಆಕ್ಟೇನಿಗೆ ಇಷ್ಟು ಕಂಪ್ರೆಷನ್ ಎಂದು ಲೆಕ್ಕ ಹಾಕಿ ಕಟ್ಟತೊಡಗಿದರು, ಪೆಟ್ರೋಲ್ ಕಂಪನಿಗಳು ಅದೇ ಸಂಖ್ಯೆಗೆ ಬೆರೆಸಿ ಕಳಿಸತೊಡಗಿದವು. ಅಪರಿಚಿತರಾಗಿದ್ದ ಇಬ್ಬರಿಗೆ ಒಪ್ಪಂದವಾಯಿತು. ಒಪ್ಪಂದದ ಸಂಖ್ಯೆ ಪೂರ್ತಿಯಾಗಿರುವ ಟ್ಯಾಂಕಿಗೆ ಇನ್ನಷ್ಟು ತಾಳ್ಮೆ ಸುರಿದರೆ ಅದನ್ನು ಬಳಸಿಕೊಳ್ಳುವ ಅಂಗವೇ ಆ ಇಂಜಿನ್ನಿನಲ್ಲಿರುವುದಿಲ್ಲ.

ಇದಕ್ಕೆ ಯುದ್ಧವಿಮಾನಗಳಷ್ಟು ಸ್ಪಷ್ಟ ಸಾಕ್ಷಿ ಬೇರೊಂದಿಲ್ಲ. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳು 87 ಆಕ್ಟೇನಿನ ಬದಲು 100 ಆಕ್ಟೇನ್ ಪೆಟ್ರೋಲಿಗೆ ಬದಲಾದಾಗ ಅವುಗಳ ಮರ್ಲಿನ್ ಇಂಜಿನ್ ಕಡಿಮೆ ಎತ್ತರದಲ್ಲಿ ನೂರಾರು ಅಶ್ವಶಕ್ತಿ ಹೆಚ್ಚು ಕೊಟ್ಟಿತು. ಇಂಧನವೇ ಬಲ ಕೊಟ್ಟಿತು ಎನ್ನುವವರು ಈ ಉದಾಹರಣೆಯನ್ನು ಎತ್ತುತ್ತಾರೆ. ಆದರೆ ಅಲ್ಲಿ ಆದದ್ದೇನು? ಗಾಳಿಯನ್ನು ಒಳಕ್ಕೆ ತುರುಕುವ ಸೂಪರ್‌ಚಾರ್ಜರಿನ ಒತ್ತಡದ ಮಿತಿಯನ್ನು ಚದರ ಅಂಗುಲಕ್ಕೆ 6 ಪೌಂಡಿನಿಂದ 12 ಪೌಂಡಿಗೆ ಏರಿಸಿದರು. ಹಳೆಯ ಪೆಟ್ರೋಲಿನಲ್ಲಿ ಹಾಗೆ ಮಾಡಿದ್ದರೆ ಇಂಜಿನ್ ಒಡೆದುಹೋಗುತ್ತಿತ್ತು. ಹೊಸ ಪೆಟ್ರೋಲ್ ಹಾಕಿ ಒತ್ತಡವನ್ನು ಏರಿಸದೆ ಬಿಟ್ಟಿದ್ದರೆ ಆ ಹೆಚ್ಚಿನ ಬಲ ಬರುತ್ತಲೇ ಇರಲಿಲ್ಲ. ಸಾಮಾನ್ಯ ಕಾರಿನ ಟ್ಯಾಂಕಿಗೆ ಆಕ್ಟೇನ್ ಬೂಸ್ಟರ್ ಸುರಿಯುವವನು ಮಾಡುವುದು ಈ ಎರಡನೆಯ ಅರ್ಧವಿಲ್ಲದ ಕೆಲಸ.

ನಮ್ಮ ನಾಡಿನ ಅನುಭವ ಇದಕ್ಕೆ ಇನ್ನೊಂದು ಬದಿಯಿಂದ ಬೆಳಕು ಚೆಲ್ಲುತ್ತದೆ. ಇಲ್ಲಿ ಬೆರಕೆ ನಡೆದದ್ದು ಬಹುಮಟ್ಟಿಗೆ ಇಂಧನದ ಕೊರತೆಯಿಂದ. ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದು ಮಂಡ್ಯದ ಸುತ್ತ ಕಬ್ಬು ಬೆಳೆದು, 1933ರಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಹುಟ್ಟಿಕೊಂಡ ಮೇಲೆ, ಉಳಿದ ಕಾಕಂಬಿಯನ್ನು ಏನು ಮಾಡುವುದೆಂಬ ಪ್ರಶ್ನೆಗೆ ಮದ್ಯಸಾರ ಒಂದು ಉತ್ತರವಾಯಿತು. ವಾಹನಕ್ಕೆ ಬೆರೆಸುವ ಮದ್ಯಸಾರಕ್ಕೆ ಪವರ್ ಆಲ್ಕೋಹಾಲ್ ಎಂಬ ಹೆಸರು ಆ ಕಾಲದ್ದು. ಸಂಯುಕ್ತ ಪ್ರಾಂತದಲ್ಲಿ 1940ರಲ್ಲಿ, ಇಡೀ ದೇಶಕ್ಕೆ 1948ರಲ್ಲಿ ಇದಕ್ಕಾಗಿ ಕಾನೂನೇ ಬಂತು. ದೇಶದ ಕಾನೂನು ಪುಸ್ತಕದಿಂದ ಹೋದದ್ದು 2000ದಲ್ಲಿ. ಇವತ್ತಿನ ಎಥನಾಲ್ ಪೆಟ್ರೋಲನ್ನು ಹೊಸ ಸಂಶೋಧನೆ ಎಂದು ಹೊಗಳುವವರೂ ಹೊಸ ಪಿಡುಗು ಎಂದು ತೆಗಳುವವರೂ ಇದನ್ನು ನೆನಪಿಟ್ಟುಕೊಳ್ಳಬೇಕು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ನಮ್ಮ ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿದರು. ಇದ್ದಿಲಿನ ಅನಿಲದಲ್ಲಿ ಓಡಿದ ಇಂಜಿನ್ ತನ್ನ ಬಲದ ಮೂರನೆಯ ಒಂದು ಭಾಗವನ್ನೋ ಅದಕ್ಕೂ ಹೆಚ್ಚನ್ನೋ ಕಳೆದುಕೊಳ್ಳುತ್ತಿತ್ತು, ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಯುದ್ಧ ಮುಗಿದು ಪೆಟ್ರೋಲ್ ಬರುತ್ತಲೇ ಬಲ ಮರಳಿತು. ಈ ಕಾಲವನ್ನು ಕಂಡ ಡ್ರೈವರುಗಳ, ಮೆಕ್ಯಾನಿಕ್ಕುಗಳ ತಲೆಮಾರಿಗೆ ಟ್ಯಾಂಕಿಗೆ ಹಾಕುವ ವಸ್ತುವೇ ಗಾಡಿಯ ಬಲವನ್ನು ತೀರ್ಮಾನಿಸುತ್ತದೆ ಎನಿಸಿದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ಮನೆಯಲ್ಲೇ ಬೆರೆಸುವ ಒಂದು ಪದ್ಧತಿಯಂತೂ ನಮ್ಮಲ್ಲಿ ದಶಕಗಳ ಕಾಲ ನಿತ್ಯದ ರೂಢಿಯಾಗಿತ್ತು. 1960ರ ದಶಕದ ಮೊದಲಿನಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳು, ಹಾಗೆಯೇ ಆ ಕಾಲದ ಬಜಾಜ್ ಸ್ಕೂಟರುಗಳು, ಆಟೋಗಳು ಎಲ್ಲವೂ ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸದೆ ಅವು ಓಡುತ್ತಿರಲಿಲ್ಲ, ಓಡಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತಿತ್ತು. ಇಲ್ಲಿ ಬೆರಕೆಯ ಉದ್ದೇಶ ಜಾರಿಕೆ, ಬಲವಲ್ಲ. ಆದರೂ ಎರಡು ಹನಿ ಹೆಚ್ಚು ಹಾಕಿದರೆ ಇಂಜಿನ್ನಿಗೆ ಒಳ್ಳೆಯದು ಎಂಬ ಭಾವನೆ ಬೆಳೆಯಿತು. ಹೆಚ್ಚಾದ ಆಯಿಲ್ ಪೂರ್ತಿ ಉರಿಯದೆ ಸ್ಪಾರ್ಕ್ ಪ್ಲಗ್ಗಿಗೆ ಮಸಿ ಕಟ್ಟುತ್ತಿತ್ತು, ಸೈಲೆನ್ಸರಿನಲ್ಲಿ ಕಿಟ್ಟವಾಗಿ ಕೂರುತ್ತಿತ್ತು, ಉಳಿದದ್ದು ನೀಲಿ ಹೊಗೆಯಾಗಿ ಹಿಂದೆ ಬರುವವರ ಮುಖಕ್ಕೆ ಹೋಗುತ್ತಿತ್ತು. ಬಿಡಿಯಾಗಿ ಸಿಗುವ ಅಗ್ಗದ ಆಯಿಲ್ ಸೇರಿದರಂತೂ ಹೊಗೆಗೆ ಮಿತಿಯೇ ಇರುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಬಲವಾದ ಆಕ್ಷೇಪ ಉಳಿಯುತ್ತದೆ. ರೇಸಿನವರು ಬೆರೆಸುತ್ತಾರಲ್ಲ, ಅವರಿಗೆ ಬಲ ಬರುತ್ತದಲ್ಲ? ಬರುತ್ತದೆ, ಖಂಡಿತ. 1930ರ ದಶಕದ ಮರ್ಸಿಡಿಸ್ ರೇಸ್ ಕಾರುಗಳು ಮೆಥನಾಲ್, ಬೆಂಜೋಲ್‌ಗಳ ಮಿಶ್ರಣವನ್ನೇ ಕುಡಿದು ಓಡಿದವು. 1988ರಲ್ಲಿ ಫಾರ್ಮುಲಾ ಒನ್ ಗೆದ್ದ ಹೋಂಡಾ ಟರ್ಬೊ ಇಂಜಿನ್ನಿನ ಇಂಧನ 84 ಪಾಲು ಟಾಲ್ವೀನ್, 16 ಪಾಲು ಹೆಪ್ಟೇನ್. ಈ ಎರಡನೆಯ ಸಂಖ್ಯೆಯನ್ನು ಗಮನಿಸಿ. ಹೆಪ್ಟೇನ್ ಎಂದರೆ ಎಡ್ಗರನ ಅಳತೆಗೋಲಿನ ಸೊನ್ನೆ. ನಿಯಮದಂತೆ ಆಕ್ಟೇನ್ 102 ಮೀರುವಂತಿರಲಿಲ್ಲ, ಅದಕ್ಕಾಗಿ ಹೋಂಡಾದವರು ಸೊನ್ನೆ ಆಕ್ಟೇನಿನ ವಸ್ತುವನ್ನೇ ಸೇರಿಸಿ ಸಂಖ್ಯೆಯನ್ನು ಕೆಳಗಿಳಿಸಿದರು. ಇಂಜಿನ್ನಿನ ಟರ್ಬೊ ಒತ್ತಡ, ಕಂಪ್ರೆಷನ್, ಸ್ಪಾರ್ಕಿನ ಗಳಿಗೆ, ಇಂಧನದ ಬಿಸಿ ಎಲ್ಲವನ್ನೂ ಆ ಒಂದು ಮಿಶ್ರಣಕ್ಕೆ ಹೊಂದಿಸಿದ್ದರು. ಡ್ರ್ಯಾಗ್ ರೇಸಿನವರ ನೈಟ್ರೊಮೀಥೇನ್ ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುತ್ತದೆ, ಅದರಿಂದ ಬಲ ನಿಜವಾಗಿಯೂ ಏರುತ್ತದೆ. ಆದರೆ ಅದಕ್ಕೆ ತಕ್ಕಂತೆ ಪಂಪು, ಪಿಸ್ಟನ್, ಪೈಪು ಎಲ್ಲವನ್ನೂ ಬದಲಿಸಬೇಕು, ಆ ಇಂಜಿನ್ನನ್ನು ಓಟ ಓಟಕ್ಕೂ ಬಿಚ್ಚಿ ಜೋಡಿಸಬೇಕು.

ಇನ್ನೊಂದು ಉದಾಹರಣೆ ಇದಕ್ಕಿಂತ ಹತ್ತಿರದ್ದು. ಅಮೆರಿಕದಲ್ಲಿ ಸೀಸದ ಪ್ರೀಮಿಯಂ ಪೆಟ್ರೋಲ್ ಮರೆಯಾಗತೊಡಗಿದಾಗ, 1960ರ ದಶಕದಲ್ಲಿ 10ಕ್ಕಿಂತ ಹೆಚ್ಚಿನ ಕಂಪ್ರೆಷನ್ನಿಗೆ ಕಟ್ಟಿದ ಕಾರುಗಳ ಮಾಲೀಕರು ಕಂಗಾಲಾದರು. ಪೇಂಟ್ ಅಂಗಡಿಯಿಂದ ಟಾಲ್ವೀನ್, ಕ್ಸೈಲೀನ್ ತಂದು ಗ್ಯಾರೇಜಿನಲ್ಲಿ ಬೆರೆಸಿದರು. ಇವರಿಗೆ ಫಲ ಸಿಕ್ಕಿತು. ಏಕೆಂದರೆ ಇವರ ಇಂಜಿನ್ನಿಗೆ ಬೇಕಾದ ಆಕ್ಟೇನ್ ಬಂಕಿನಲ್ಲಿ ಸಿಗುತ್ತಿರಲಿಲ್ಲ. 1920ರ ಕೊರತೆ ಅವರ ಪಾಲಿಗೆ ಮತ್ತೆ ಬಂದಿತ್ತು. ಕಳೆದುಹೋದ ಬಲ ಅವರಿಗೆ ಮರಳಿತೇ ಹೊರತು ಹೊಸ ಬಲ ಹುಟ್ಟಲಿಲ್ಲ. ಅವರ ಮಾತನ್ನು ಕೇಳಿ ಸಾಮಾನ್ಯ ಕಾರಿನವರೂ ಹಾಗೇ ಮಾಡಿದಾಗ ಸಿಕ್ಕಿದ್ದು ತಲೆನೋವು ತರುವ ಆವಿ, ಉಬ್ಬಿದ ರಬ್ಬರ್ ಪೈಪುಗಳು ಮತ್ತು ಬೆಂಕಿಯ ಅಪಾಯ. ನುಸಿಗುಳಿಗೆಯ ಕತೆಯೂ ಹೀಗೆಯೇ. ಹಳೆಯ ಗುಳಿಗೆಯಲ್ಲಿದ್ದ ನ್ಯಾಫ್ತಲೀನಿಗೆ ಆಕ್ಟೇನ್ ಇದ್ದದ್ದು ಹೌದು, ಆದರೆ ಅದು ತಂಪಾದಾಗ ಹರಳುಗಟ್ಟಿ ಕಾರ್ಬೊರೇಟರ್ ಕಟ್ಟಿಕೊಳ್ಳುತ್ತಿತ್ತು. ಇತ್ತೀಚಿನ ಎಷ್ಟೋ ಗುಳಿಗೆಗಳಲ್ಲಿರುವುದು ಕ್ಲೋರಿನ್ ಇರುವ ಬೇರೆಯೇ ವಸ್ತು, ಉರಿದಾಗ ಇಂಜಿನ್ನಿನೊಳಗೆ ಆಮ್ಲವನ್ನೇ ಉಂಟುಮಾಡುತ್ತದೆ. ಅಂಗಡಿಯ ಬಾಟಲಿಗಳ ಮೇಲೆ ಮೂವತ್ತು ಪಾಯಿಂಟ್ ಏರಿಕೆ ಎಂದು ಬರೆದಿದ್ದರೆ ಅದರ ಅರ್ಥ ಆಕ್ಟೇನಿನಲ್ಲಿ 3. ಆ ವ್ಯಾಪಾರದಲ್ಲಿ ಒಂದು ಪಾಯಿಂಟ್ ಎಂದರೆ ಹತ್ತನೆಯ ಒಂದು ಭಾಗ.

ನಂಬಿಕೆ ಇದ್ದಲ್ಲಿ ಮೋಸಕ್ಕೂ ಜಾಗ ಸಿಗುತ್ತದೆ. 1916ರಲ್ಲಿ ನ್ಯೂಯಾರ್ಕಿನ ಫಾರ್ಮಿಂಗ್‌ಡೇಲಿನಲ್ಲಿ ಲೂಯಿ ಎನ್ರಿಕ್ಟ್ ಎಂಬಾತ ನೀರಿಗೆ ಹಸಿರು ದ್ರವ ಬೆರೆಸಿ ಕಾರು ಓಡಿಸಿ ತೋರಿಸಿ ಹೂಡಿಕೆದಾರರನ್ನು ಸೆಳೆದ. ಸರಿಯಾಗಿ ಎಂಬತ್ತು ವರ್ಷಗಳ ನಂತರ ತಮಿಳುನಾಡಿನ ರಾಜಪಾಳ್ಯದ ಕಡೆಯ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡಿದೆನೆಂದಾಗ ದೇಶವೇ ಬೆರಗಾಯಿತು. 2016ರಲ್ಲಿ ಚೆನ್ನೈನ ನ್ಯಾಯಾಲಯ ಆತನಿಗೆ ಮೂರು ವರ್ಷದ ಶಿಕ್ಷೆ ವಿಧಿಸಿತು. ಆದರೆ ನಮ್ಮ ದೇಶದಲ್ಲಿ ಬೆರಕೆಯ ಅತಿ ಕ್ರೂರ ರೂಪ ಇದಲ್ಲ. ಬಡವರ ಪಡಿತರದ ಸೀಮೆಎಣ್ಣೆಗೂ ಬಂಕಿನ ಪೆಟ್ರೋಲ್, ಡೀಸೆಲ್‌ಗೂ ಇದ್ದ ಬೆಲೆಯ ಅಂತರ ಒಂದು ದಂಧೆಯನ್ನೇ ಬೆಳೆಸಿತು. ಸೀಮೆಎಣ್ಣೆಯ ಆಕ್ಟೇನ್ ತೀರ ಕಡಿಮೆ, ಅದು ಸೇರಿದ ಪೆಟ್ರೋಲ್ ಇಂಜಿನ್ನನ್ನು ಬಡಿಯುತ್ತದೆ. ಕೋಲಾರ ಚಿನ್ನದ ಗಣಿಯಲ್ಲಿ ಬೆಳೆದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಇಂಡಿಯನ್ ಆಯಿಲ್ ಸೇರಿದ್ದ ಷಣ್ಮುಗಂ ಮಂಜುನಾಥ್, ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಬೆರಕೆ ಮಾರುತ್ತಿದ್ದ ಬಂಕಿಗೆ ಬೀಗ ಹಾಕಿಸಿದ್ದಕ್ಕಾಗಿ 2005ರ ನವೆಂಬರಿನಲ್ಲಿ ಗುಂಡಿಗೆ ಬಲಿಯಾದರು. ಆಗ ಅವರಿಗೆ 27 ವರ್ಷ. ನಮ್ಮ ನಾಡಿನ ಈ ಹುಡುಗನ ಹೆಸರು ನಮ್ಮಲ್ಲೇ ಮರೆತುಹೋಗುತ್ತಿರುವುದು ನೋವಿನ ಸಂಗತಿ.

ಬೆಲೆ ತೆತ್ತವರಲ್ಲಿ ಅತಿ ಹೆಚ್ಚಿನವರು ಮಕ್ಕಳು. ಸೀಸದ ಪೆಟ್ರೋಲ್ ಉರಿದು ಹೊರಬಂದ ಧೂಳನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತು ಉಸಿರಾಡಿತು. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಸರಿಪಡಿಸಲಾಗದ್ದು. ನಮ್ಮಲ್ಲಿ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದಾಗ 12 ವರ್ಷದೊಳಗಿನ ಅರ್ಧಕ್ಕೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಹೆಚ್ಚಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಈ ಕೆಲಸಕ್ಕೆ ತಮ್ಮನ್ನು ಕೊಟ್ಟುಕೊಂಡವರು. 1999ರಲ್ಲಿ ಇದೇ ನಗರದಲ್ಲಿ ಸೀಸದ ವಿಷದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರವರಿ 1ರಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂತು. ಜಗತ್ತಿನಲ್ಲಿ ಕೊನೆಯದಾಗಿ ಅದನ್ನು ಬಿಟ್ಟದ್ದು ಅಲ್ಜೀರಿಯ, 2021ರಲ್ಲಿ. ಸೀಸದ ಬದಲಿಗೆ ಅಮೆರಿಕದಲ್ಲಿ ಬಂದ ಎಂಟಿಬಿಇ ಎಂಬ ಬೆರಕೆ ನೆಲದಡಿಯ ಟ್ಯಾಂಕುಗಳಿಂದ ಸೋರಿ ಸಾಂಟಾ ಮೋನಿಕಾದ ಕುಡಿಯುವ ನೀರಿನ ಬಾವಿಗಳನ್ನು ಕೆಡಿಸಿತು. ಸೀಸ ಇಂಜಿನ್ನುಗಳನ್ನು ಬೆಳೆಸಿತಲ್ಲವೇ, ಅದಿಲ್ಲದೆ ಒಳ್ಳೆಯ ಕಾರುಗಳು ಬರುತ್ತಿದ್ದವೇ ಎಂದು ಕೇಳುವವರಿಗೆ ಉತ್ತರ ಸರಳ: ಸಂಸ್ಕರಣೆಯನ್ನೇ ಸುಧಾರಿಸಿ ಸೀಸವಿಲ್ಲದೆ ಅದೇ ಆಕ್ಟೇನ್ ಪಡೆಯಬಹುದೆಂದು ಇವತ್ತಿನ ಪ್ರತಿ ಬಂಕೂ ತೋರಿಸುತ್ತಿದೆ.

ಕೊನೆಯ ಆಕ್ಷೇಪ ಇವತ್ತಿನದು. ಈಗಿನ ಕಾರುಗಳಲ್ಲಿ ಬಡಿತವನ್ನು ಗ್ರಹಿಸುವ ನಾಕ್ ಸೆನ್ಸರ್ ಇದೆ, ಕಂಪ್ಯೂಟರ್ ಸ್ಪಾರ್ಕಿನ ಗಳಿಗೆಯನ್ನು ಅದಕ್ಕೆ ತಕ್ಕಂತೆ ಬದಲಿಸುತ್ತದೆ, ಹೀಗಿರುವಾಗ ಹೆಚ್ಚಿನ ಆಕ್ಟೇನಿನಿಂದ ಬಲ ಬರಬಾರದೇಕೆ? ಟರ್ಬೊ ಇರುವ ಕೆಲವು ಇಂಜಿನ್ನುಗಳಲ್ಲಿ ಸ್ವಲ್ಪ ಬರುತ್ತದೆ, ಒಪ್ಪೋಣ. ಆದರೆ ತಯಾರಕರು ಹಾಕಿದ ಗೆರೆಯವರೆಗೆ ಮಾತ್ರ. ಆ ಗೆರೆಯವರೆಗಿನ ಆಕ್ಟೇನ್ ಇರುವ ಪೆಟ್ರೋಲ್ ಬಂಕಿನಲ್ಲೇ ಅಳತೆಯಾಗಿ ಸಿಗುತ್ತದೆ. ಮನೆಯ ಬಕೆಟ್ಟಿನಲ್ಲಿ ಬೆರೆಸಿದ್ದಕ್ಕೆ ಅಳತೆಯಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತೇವೆಂಬ ನೂರಕ್ಕೂ ಹೆಚ್ಚು ಸಾಧನ, ಬೆರಕೆಗಳನ್ನು ಪರಿಶೀಲಿಸಿ, ಮೈಲೇಜನ್ನು ಗಣನೀಯವಾಗಿ ಹೆಚ್ಚಿಸುವಂಥದ್ದು ಒಂದೂ ಕಾಣಲಿಲ್ಲವೆಂದು ಹೇಳಿದೆ. ನಮ್ಮಲ್ಲಿ ಈಗ 20 ಪಾಲು ಎಥನಾಲ್ ಇರುವ ಪೆಟ್ರೋಲ್ ಬಂದಿದೆ. ಇದರ ಆಕ್ಟೇನ್ ಹಳೆಯದಕ್ಕಿಂತ ಹೆಚ್ಚು, 95. ಹೀಗಿದ್ದೂ ನೀತಿ ಆಯೋಗದ 2021ರ ವರದಿಯ ಪ್ರಕಾರ ಎಥನಾಲಿಗೆಂದು ವಿನ್ಯಾಸಗೊಳ್ಳದ ಕಾರುಗಳಲ್ಲಿ ಮೈಲೇಜು 6ರಿಂದ 7 ಪ್ರತಿಶತ ಇಳಿಯುತ್ತದೆ. ಈ ಇಳಿಕೆ ಎಥನಾಲಿನಲ್ಲಿ ಶಕ್ತಿಯೇ ಕಡಿಮೆ ಇರುವುದರಿಂದ ಆದದ್ದು, ಯಾವ ಬಾಟಲಿಯ ಎರಡು ಮುಚ್ಚಳದ ದ್ರವವೂ ಅದನ್ನು ತುಂಬಿಕೊಡಲಾರದು. ಹಳೆಯ ಗಾಡಿಗಳ ಪೈಪು, ವಾಷರ್‌ಗಳ ಬಗ್ಗೆ ಮಾಲೀಕರಿಗಿರುವ ಚಿಂತೆ ನ್ಯಾಯವಾದದ್ದು, ಅದಕ್ಕೆ ಉತ್ತರ ಕೊಡಬೇಕಾದವರು ತಯಾರಕರು ಮತ್ತು ಸರ್ಕಾರ. ಅಲ್ಲಿಯವರೆಗೆ ಗಾಡಿಯ ಕೈಪಿಡಿ ತೆರೆದು ಅದಕ್ಕೆ ಎಷ್ಟು ಆಕ್ಟೇನ್, ಎಷ್ಟು ಎಥನಾಲ್ ಒಗ್ಗುತ್ತದೆಂದು ನೋಡಿಕೊಳ್ಳಿ, ಏರ್ ಫಿಲ್ಟರ್, ಪ್ಲಗ್, ಟೈರಿನ ಗಾಳಿ ಸರಿಯಿಡಿ, ಟ್ಯಾಂಕಿಗೆ ಪೆಟ್ರೋಲ್ ಬಿಟ್ಟು ಬೇರೇನನ್ನೂ ಸುರಿಯಬೇಡಿ.